ದುರೋಜಯೆಯ ಹಿಂದಿನ ಸಾಲು

ಆ ಶನಿವಾರ ಬೆಳಿಗ್ಗೆ ಎದ್ದು ಹಾಸಿಗೆಯ ಅಂಚಿನಲ್ಲಿ ಕೂತಾಗಿನಿಂದಲೂ ದುರೋಜಯೆಗೆ ತನ್ನ ಎರಡು ಕಾಲುಗಳು ತನ್ನವಲ್ಲ ಅನ್ನಿಸುತ್ತಿತ್ತು. ಒಂದನ್ನು ಹೆಂಡತಿಯ ಅಣ್ಣ ಫಡಾಹುನ್ಸಿಗೆ ಕೊಟ್ಟಾಗಿತ್ತು, ಇನ್ನೊಂದನ್ನು ಡಾಕ್ಟರ್ ಓಮೊಯೆನಿಗೆ. ಎರಡು ಮಾತನ್ನೂ ಕೊಟ್ಟದ್ದು ಒಂದೇ ತಿಂಗಳಲ್ಲಿ, ಒಂದೇ ಬಾಯಿಂದ, ಒಂದು ವಾರದ ಅಂತರದಲ್ಲಿ. ಹೆಬ್ಬೆರಳುಗಳನ್ನು ಅಲ್ಲಾಡಿಸಿ ನೋಡಿದ. ಎರಡೂ ಸುಮ್ಮನೆ ಅಲ್ಲಾಡಿದವು. ಯಾವುದೂ ತಪ್ಪಿತಸ್ಥನಂತೆ ಕಾಣಲಿಲ್ಲ. ಇವತ್ತು ಹನ್ನೊಂದು ಗಂಟೆಗೆ ಇಲೆಮೊ ವಾರ್ಡಿನ ಪಕ್ಷದ ಸದಸ್ಯರೆಲ್ಲ ಶಾಲೆಯ ಬಯಲಿನಲ್ಲಿ ಸಾಲು ನಿಲ್ಲಬೇಕು. ರಾಜ್ಯದ ಗವರ್ನರ್ ಹುದ್ದೆಗೆ ಪಕ್ಷದಿಂದ ಯಾರನ್ನು ಕಣಕ್ಕಿಳಿಸಬೇಕು ಎಂದು ತೀರ್ಮಾನವಾಗುವ ದಿನ. ಪೆಟ್ಟಿಗೆ ಇಲ್ಲ, ಚೀಟಿ ಇಲ್ಲ, ಪರದೆಯ ಮರೆ ಇಲ್ಲ. ಯಾರು ಬೇಕೋ ಅವರ ಫೋಟೋದ ಹಿಂದೆ ಹೋಗಿ ಹಗಲು ಬೆಳಕಿನಲ್ಲಿ ಮೈಯೊಡ್ಡಿ ನಿಲ್ಲಬೇಕು. ಸೀಟಿ ಊದಿದ ಮೇಲೆ ತಲೆ ಎಣಿಸುತ್ತಾರೆ. ರಾಜ್ಯದ ಎಲ್ಲ ವಾರ್ಡುಗಳ ತಲೆಗಳನ್ನು ಕೂಡಿಸಿದಾಗ ಯಾರ ಹಿಂದೆ ಹೆಚ್ಚೋ ಅವರೇ ಅಭ್ಯರ್ಥಿ. ಚೀಟಿಯಾಗಿದ್ದರೆ ಒಂದು ಮಾತನ್ನು ಮಡಚಿ ಪೆಟ್ಟಿಗೆಯೊಳಗೆ ಹಾಕಿ, ಇನ್ನೊಂದನ್ನು ನಗುನಗುತ್ತ ತುಟಿಯ ಮೇಲೆ ಇಟ್ಟುಕೊಂಡು ತಿರುಗಬಹುದಿತ್ತು. ಆರಡಿ ಏಳಿಂಚಿನ ದೇಹವನ್ನು ಮಡಚುವುದು ಹೇಗೆ?

ಹೆಂಡತಿ ತೆನಿಯೋಲಾ ಜೋಳದ ಗಂಜಿಯನ್ನೂ ನಾಲ್ಕು ಅಕಾರಾ ವಡೆಗಳನ್ನೂ ತಂದು ಸ್ಟೂಲಿನ ಮೇಲಿಟ್ಟಳು. ಆಗಲೇ ಮಿಂದು, ಹಸಿರು ತಲೆವಸ್ತ್ರವನ್ನು ಬಿಗಿಯಾಗಿ ಸುತ್ತಿಕೊಂಡಿದ್ದಳು.

"ನೀನು ಯಾವ ಸಾಲಲ್ಲಿ ನಿಲ್ತೀಯ?" ಎಂದು ಅವನು ಗಂಜಿಯನ್ನು ನೋಡುತ್ತಲೇ ಕೇಳಿದ.

"ನಿಮಗ್ಯಾಕೆ? ನಿಮ್ಮ ಸಾಲು ನಿಮಗೆ, ನನ್ನ ಸಾಲು ನನಗೆ."

"ಅಲ್ಲ, ನಿಮ್ಮಣ್ಣ..."

"ಅಣ್ಣ ನನಗೆ ಅಣ್ಣ, ಪಕ್ಷಕ್ಕೆ ಚೇರ್ಮನ್. ಎರಡು ಟೋಪಿ ಒಟ್ಟಿಗೆ ಹಾಕ್ಕೊಂಡ್ರೆ ತಲೆಗೆ ಸೆಕೆ ಆಗುತ್ತೆ ಅಂತ ಅವನಿಗೂ ಹೇಳಿದೀನಿ. ವಡೆ ಆರೋ ಮುಂಚೆ ತಿನ್ನಿ. ಮುಖ ಯಾಕೆ ಹಾಗೆ ಮಾಡ್ಕೊಂಡಿದೀರಿ? ಹಲ್ಲು ನೋವಾ?"

"ಇಲ್ಲ."

"ಹಾಗಿದ್ರೆ ಮಾತು ಕೊಟ್ಟ ನೋವು" ಎಂದು ಅವಳು ನಕ್ಕು ಒಳಗೆ ಹೋದಳು. ಅವಳಿಗೆ ಏನು ಗೊತ್ತು, ಎಷ್ಟು ಗೊತ್ತು ಎಂಬುದು ಇಪ್ಪತ್ತೊಂಬತ್ತು ವರ್ಷ ಸಂಸಾರ ಮಾಡಿದ ಮೇಲೂ ಅವನಿಗೆ ಗೊತ್ತಾಗುತ್ತಿರಲಿಲ್ಲ.

ತಿಂಗಳ ಹಿಂದೆ, ಆ ಹುದ್ದೆಗೆ ನಿಲ್ಲಲು ಹೊರಟಿದ್ದ ಓಮೊಯೆನಿ ಪ್ರಚಾರಕ್ಕೆಂದು ಸಂತೆಗೆ ಬಂದಿದ್ದಳು. ದುರೋಜಯೆ ಕುರ್ಚಿ, ಶಾಮಿಯಾನ ಬಾಡಿಗೆಗೆ ಕೊಡುವವನು. ಅವತ್ತಿನ ಇಪ್ಪತ್ತು ಕುರ್ಚಿಗಳೂ ಅವನವೇ. ಅವಳು ಮೆಣಸಿನಕಾಯಿ ಮಾರುವವರ ಕೈ ಕುಲುಕುತ್ತ ಬಂದವಳು ಇವನ ಮುಂದೆ ನಿಂತು ಕತ್ತೆತ್ತಿ, "ದುರೋಜಯೆ! ಇನ್ನೂ ಬೆಳೀತಾನೇ ಇದೀಯೇನೋ? ನಿನ್ನ ನೋಡಿ ನೋಡಿ ಕತ್ತು ನೋವು ಬಂತು, ಡಾಕ್ಟರಿಗೇ ಡಾಕ್ಟರು ಬೇಕಾಯ್ತು" ಅಂದಳು. ಸುತ್ತಲಿದ್ದವರು ನಕ್ಕರು. ಐವತ್ತೇಳು ವರ್ಷದ ಗಂಡಸನ್ನು ಸಂತೆಯ ನಡುವೆ ಹೀಗೆ ಏಕವಚನದಲ್ಲಿ ಕೂಗುವ ಹಕ್ಕು ಒಂದೇ ಬೆಂಚಿನಲ್ಲಿ ಕೂತು ಓದಿದವರಿಗೆ ಮಾತ್ರ ಇರುತ್ತದೆ. ಆ ನಗುವಿನ ಬಿಸಿಗೆ ಅವನ ಬಾಯಿಂದ "ನಾನು ನಿನ್ನ ಹಿಂದೆ ಇದೀನಿ ಕಣೇ" ಎಂಬ ಮಾತು ಹಾರಿಹೋಯಿತು. ಹಿಂದೆ ಇದ್ದೇನೆ ಎಂಬುದನ್ನು ಊರಲ್ಲಿ ಯಾರಿಗೆ ಯಾರು ಹೇಳುವುದಿಲ್ಲ? ಆದರೆ ಪಕ್ಷದವರು ಮರುವಾರ ನೇರ ಸಾಲಿನ ಮತದಾನ ಎಂದು ಪ್ರಕಟಿಸಿದಾಗ ಆ ಮಾತು ಗಾದೆಯಾಗಿ ಉಳಿಯದೆ ಬಯಲಿನಲ್ಲಿ ಗೂಟ ಹೊಡೆದು ತೋರಿಸಬಹುದಾದ ಜಾಗವಾಗಿಬಿಟ್ಟಿತು. ಅದೇ ಸಂಜೆ ಫಡಾಹುನ್ಸಿ ಮನೆಗೆ ಬಂದು, ಹಿರಿಯರೆಲ್ಲ ಸೇರಿ ಚೀಫ್ ಅಕಿನ್ರುಲಿಯವರೇ ಆಗಲಿ ಎಂದು ಒಮ್ಮತ ಮಾಡಿದ್ದಾರೆಂದೂ, ಅವರ ಸಾಲಿನ ತಲೆಯಲ್ಲಿ ನೀನೇ ನಿಲ್ಲಬೇಕೆಂದೂ ಹೇಳಿದಾಗ ದುರೋಜಯೆ, "ಆಗಲಿ ಭಾವ" ಅಂದಿದ್ದ. ಚೀಫ್ ಕೆಟ್ಟ ಮನುಷ್ಯನೇನೂ ಅಲ್ಲ. ಮರಳು, ಸಿಮೆಂಟಿನ ವ್ಯಾಪಾರಿ. ಹೆಣದ ಮನೆಗೂ ಮದುವೆಯ ಮನೆಗೂ ತಪ್ಪದೆ ಬಂದು ಹೋಗುವವರು. ಇಲ್ಲ ಅನ್ನುವುದಕ್ಕೆ ಒಂದು ಕಾರಣ ಬೇಕಿತ್ತು. ಇದ್ದ ಒಂದೇ ಕಾರಣವನ್ನು ಭಾವನ ಮುಂದೆ ಹೇಳುವ ಹಾಗಿರಲಿಲ್ಲ.

ಆ ಕಾರಣ ಶಾಲೆಯ ಬಯಲಿನ ಮಾವಿನ ಮರದಲ್ಲಿ ನೇತಾಡುತ್ತಿತ್ತು. ಎಂಟು ಗಂಟೆಗೆ ಶಾಮಿಯಾನದ ಕಂಬ ನೆಡಲು ಹೋದವನಿಗೆ ಮೊದಲು ಕಣ್ಣಿಗೆ ಬಿದ್ದದ್ದೇ ಅದು: ಲಾರಿ ಚಕ್ರದ ಹಳೆಯ ಕಬ್ಬಿಣದ ಬಳೆ, ಶಾಲೆಯ ಗಂಟೆ. ಈಗ ಅದನ್ನು ಯಾರೂ ಬಾರಿಸುವುದಿಲ್ಲ. ಅವನಿಗೆ ಹತ್ತು ವರ್ಷವಾಗಿದ್ದಾಗ, ಮೇಷ್ಟ್ರನ್ನು ಬಿಟ್ಟರೆ ಅದು ಎಟುಕುತ್ತಿದ್ದುದು ಇಡೀ ಶಾಲೆಯಲ್ಲಿ ಅವನಿಗೊಬ್ಬನಿಗೆ. ಹರ್ಮಟ್ಟನ್ ಎಂಬ ಒಣಗಾಳಿ ಬೀಸಿ ತುಟಿ ಒಡೆಯುತ್ತಿದ್ದ ದಿನ, ಇನ್‌ಸ್ಪೆಕ್ಟರ್ ಬರುವ ದಿನ, ಹೊಟ್ಟೆ ಹಸಿದು ತಡೆಯಲಾರದೆ ಅವನು ಒಂದು ಗಂಟೆ ಮುಂಚೆಯೇ ಕಲ್ಲೆತ್ತಿ ಅದಕ್ಕೆ ಬಾರಿಸಿಬಿಟ್ಟ. ಇನ್ನೂರು ಮಕ್ಕಳು ಕೂಗುತ್ತ ಮನೆಗೆ ಓಡಿದರು. ಇನ್‌ಸ್ಪೆಕ್ಟರ್ ಖಾಲಿ ಶಾಲೆಗೆ ಬಂದರು. ಮರುದಿನ ಮೇಷ್ಟ್ರು, "ಯಾರು?" ಎಂದು ಕೇಳಿದಾಗ ಇವನು, "ಓಮೊಯೆನಿ ಬೆಂಚು ಹತ್ತಿ ಬಾರಿಸಿದಳು ಸರ್" ಅಂದ. ಯಾಕೆ ಅವಳ ಹೆಸರು ಬಂತೋ. ಪಕ್ಕದಲ್ಲಿ ಕೂತಿದ್ದಳು, ಅಷ್ಟೆ. ಆರು ಏಟು. ಅವಳು ಅಳಲಿಲ್ಲ, ಇಲ್ಲ ಅನ್ನಲಿಲ್ಲ, ಕರಿಹಲಗೆಯ ಮೇಲಿದ್ದ ಭಾಗಾಕಾರದ ಲೆಕ್ಕವನ್ನೇ ನೋಡುತ್ತ ನಿಂತಿದ್ದಳು. "ಕಂಬ ಹಿಡಕೊಳ್ಳಿ ಸಾರ್, ವಾಲ್ತಿದೆ" ಎಂದು ಆಳು ಕೂಗಿದ. ದುರೋಜಯೆ ಕಂಬ ಹಿಡಿದುಕೊಂಡ. ನಲವತ್ತೇಳು ವರ್ಷ. ಸಂತೆಯಲ್ಲಿ ಅವಳು ಕತ್ತೆತ್ತಿ ನೋಡಿದಾಗ ಆ ಕಣ್ಣಲ್ಲಿ ಅದು ಇತ್ತೋ ಇರಲಿಲ್ಲವೋ? ಇತ್ತು ಎಂದು ಒಮ್ಮೆ ಅನ್ನಿಸುತ್ತದೆ. ಇಲ್ಲದಿದ್ದರೆ ಎತ್ತರದ ಮಾತನ್ನೇ ಯಾಕೆ ಆಡಬೇಕಿತ್ತು?

ಹತ್ತು ಗಂಟೆಗೆ ಬಯಲು ತುಂಬಿತು. ಮತದಾನ ನಡೆಸಿಕೊಡಲು ಪಕ್ಷದ ಕೇಂದ್ರ ಕಚೇರಿಯಿಂದ ಬಂದಿದ್ದವಳು ಎನೊ ಎಂಬ ಚಿಕ್ಕ ವಯಸ್ಸಿನ ಹೆಂಗಸು, ದಕ್ಷಿಣದ ಬೇರೆ ಸೀಮೆಯವಳು, ಕೊರಳಲ್ಲಿ ಸೀಟಿ. ಸದಸ್ಯತ್ವದ ಕಾರ್ಡು ನೋಡಿ ಒಬ್ಬೊಬ್ಬರ ಬೆರಳಿಗೂ ಶಾಯಿ ಹಚ್ಚುತ್ತಿದ್ದಳು. ಬಲಗಡೆ ಎರಡು ಬೊಂಬುಗಳ ನಡುವೆ ಚೀಫ್ ಅಕಿನ್ರುಲಿಯ ಫ್ಲೆಕ್ಸ್: ಅಗಲವಾದ ನಗು, ಅದಕ್ಕಿಂತ ಅಗಲವಾದ ನೀಲಿ ಆಗ್ಬಾಡಾ ನಿಲುವಂಗಿ. ಎಡಗಡೆ ಇಪ್ಪತ್ತು ಹೆಜ್ಜೆ ದೂರದಲ್ಲಿ, ರಟ್ಟಿಗೆ ಅಂಟಿಸಿ ಕೋಲಿಗೆ ಮೊಳೆ ಹೊಡೆದ ಓಮೊಯೆನಿಯ ಫೋಟೋ. ಅದನ್ನು ಹಿಡಿದು ನಿಂತಿದ್ದವಳು ಅವಳ ಏಜೆಂಟ್, ಆರೋಗ್ಯ ಕೇಂದ್ರದ ನರ್ಸ್ ಇಬಿಡುನ್. ತೀರಾ ಗಿಡ್ಡಿ, ಕೋಲೆತ್ತಿ ಹಿಡಿದರೂ ಡಾಕ್ಟರ ಮುಖ ಜನರ ಎದೆಯ ಮಟ್ಟಕ್ಕೇ ನಿಲ್ಲುತ್ತಿತ್ತು. ದುರೋಜಯೆಯನ್ನು ಫ್ಲೆಕ್ಸಿನ ಮುಂದೆಯೇ ನಿಲ್ಲಿಸಿ ಫಡಾಹುನ್ಸಿ ಒಂದು ಹೆಜ್ಜೆ ಹಿಂದೆ ಸರಿದು, ಗೋಡೆಗೆ ಹೊಡೆದ ಮೊಳೆ ನೆಟ್ಟಗಿದೆಯೇ ಎಂದು ನೋಡುವವನಂತೆ ನೋಡಿದ.

"ದೇವರು ನಿನಗೆ ಈ ಎತ್ತರ ಕೊಟ್ಟಿದ್ದು ಇವತ್ತಿಗೇ ಕಣಯ್ಯ. ಅಲ್ಲಾಡಬೇಡ. ಬಗ್ಗಬೇಡ. ಕೆಮ್ಮಬೇಕಾದ್ರೂ ನೆಟ್ಟಗೆ ನಿಂತ್ಕೊಂಡೇ ಕೆಮ್ಮು."

ಆಮೇಲೆ ಮೆಗಾಫೋನ್ ಎತ್ತಿಕೊಂಡು ಊರಿಗೆಲ್ಲ ಕೇಳುವ ಹಾಗೆ ಕೂಗಿದ: "ಚೀಫ್ ಕಡೆಯವರು ದುರೋಜಯೆ ಹಿಂದೆ ನಿಲ್ಲಿ! ಫೋಟೋ ಕಾಣಿಸ್ತಾ ಇಲ್ವಾ? ದುರೋಜಯೆ ಕಾಣಿಸ್ತಾನೆ! ಕಣ್ಣು ಮಂಜಾದವರಿಗೂ ಕಾಣಿಸ್ತಾನೆ! ಎಲ್ಲರೂ ದುರೋಜಯೆ ಹಿಂದೆ!"

ಮುಕ್ಕಾಲು ತಾಸು ಅದೇ ಕೂಗು. ಜನ ಬಂದರು, ನಿಂತರು, ಬೆನ್ನ ಹಿಂದೆ ಮಾತು, ಕೆಮ್ಮು, ಬೆವರಿನ ವಾಸನೆ ಉದ್ದವಾಗುತ್ತ ಹೋಯಿತು. ಮದುವೆಯ ಫೋಟೋಗಳಲ್ಲಿ ಯಾವಾಗಲೂ ಕೊನೆಯ ಸಾಲಿಗೆ ಕಳಿಸಲ್ಪಟ್ಟವನು, ಇಗರ್ಜಿಯಲ್ಲಿ ಹಿಂದಿನವರಿಂದ ಬೆನ್ನು ಮುಟ್ಟಿಸಿಕೊಂಡು "ಸ್ವಲ್ಪ ಕೆಳಗೆ" ಎಂದು ಪಿಸುಮಾತಲ್ಲಿ ಹೇಳಿಸಿಕೊಂಡವನು, ಇವತ್ತು ಮೊಟ್ಟಮೊದಲ ಬಾರಿಗೆ ಎಲ್ಲರಿಗಿಂತ ಮುಂದೆ ನಿಂತಿದ್ದ, ಆದರೂ ಕೊಂಚವೂ ಹೆಮ್ಮೆಯಾಗಲಿಲ್ಲ. ಎಡಕ್ಕೆ ತಿರುಗಿ ನೋಡಲೇ ಇಲ್ಲ. ಅಲ್ಲಿ ಆ ರಟ್ಟಿನ ಮೇಲಿನ ಕಣ್ಣುಗಳಿದ್ದವು. ಎಡಗಡೆ ಹದಿನೈದೋ ಇಪ್ಪತ್ತೋ ಜನ ಇರಬಹುದು ಎಂದು ಕಾಲ ಸಪ್ಪಳದಿಂದಲೇ ಅಂದಾಜು ಮಾಡಿದ. ಸಂತೆಯ ಹೆಂಗಸರು ಬಹಳ ಮಂದಿ ಯಾವ ಸಾಲಿಗೂ ಸೇರದೆ ಮಾವಿನ ಮರದ ನೆರಳಲ್ಲಿ ನಿಂತಿದ್ದರು. ಅವರ ಹೆರಿಗೆಗಳನ್ನು ಮಾಡಿಸಿದ್ದು, ಮಳೆಗಾಲದ ಕಾಲರಾದಲ್ಲಿ ಮೂರು ವಾರ ಇದೇ ಶಾಲೆಯ ಕೋಣೆಯಲ್ಲಿ ಮಲಗಿ ಎದ್ದು ರೋಗಿಗಳನ್ನು ನೋಡಿಕೊಂಡದ್ದು ಓಮೊಯೆನಿಯೇ. ಅದು ಅವರಿಗೆ ಗೊತ್ತು. ಆದರೆ ಎಡಗಡೆ ನಿಂತವರ ಹೆಸರನ್ನು ಹಿರಿಯರು ನೆನಪಿಟ್ಟುಕೊಳ್ಳುತ್ತಾರೆ, ನಾಳೆ ಸಂತೆಯಲ್ಲಿ ಅಂಗಡಿ ಕಟ್ಟೆ ಹಂಚುವವರು ಅದೇ ಹಿರಿಯರು ಎಂಬುದೂ ಗೊತ್ತು. ಮೈ ಕಾಣುವ ಹಾಗೆ ಮತ ಹಾಕುವುದೆಂದರೆ ಹೀಗೆ. ಕೈಕಾಲು ಇದ್ದವರಿಗೆಲ್ಲ ಭಯ ಇರುತ್ತದೆ. ಈ ಯೋಚನೆ ಅವನಿಗೆ ಸಮಾಧಾನ ತಂದಿತು. ಸಮಾಧಾನ ತಂದಿತಲ್ಲ ಎಂದು ತಕ್ಷಣ ನಾಚಿಕೆಯೂ ಆಯಿತು.

ಹನ್ನೊಂದಕ್ಕೆ ಐದು ನಿಮಿಷವಿದ್ದಾಗ ಮಳೆಯ ಮುಂಚಿನ ಒಣಗಾಳಿಯೊಂದು ಬಯಲಿನ ಆ ಕಡೆಯಿಂದ ದೂಳೆಬ್ಬಿಸಿಕೊಂಡು ಬಂತು. ಶಾಮಿಯಾನ ಹೊಟ್ಟೆ ಉಬ್ಬಿಸಿಕೊಂಡಿತು. ಚೀಫ್ ಅಕಿನ್ರುಲಿಯ ಫ್ಲೆಕ್ಸ್ ಒಂದು ಬದಿಯ ಹಗ್ಗ ಕಿತ್ತುಕೊಂಡು ಬೊಂಬಿಗೆ ಸುತ್ತಿಕೊಂಡು ನಿಂತಿತು. ಇಬಿಡುನ್‌ಳ ಕೈಯಿಂದ ರಟ್ಟು ಹಾರಿ, ನೆಲದ ಮೇಲೆ ಎರಡು ಪಲ್ಟಿ ಹೊಡೆದು, ದುರೋಜಯೆಯ ಚಪ್ಪಲಿಗೆ ಬಂದು ತಗುಲಿತು. ಮುಖ ಮೇಲಾಗಿ ಬಿದ್ದಿತ್ತು. ಕೆನ್ನೆಯ ಮೇಲೆ ದೂಳು. ಅವನು ಬಗ್ಗಿ ಎತ್ತಿಕೊಂಡ, ಅಂಗೈಯಿಂದ ದೂಳು ಒರೆಸಿದ. ಬೇರೆಯವರ ಸಾಮಾನು, ಕೊಟ್ಟು ಬರಬೇಕು. ಅಷ್ಟು ಮಾತ್ರ ಅವನ ಮನಸ್ಸಿನಲ್ಲಿದ್ದದ್ದು ಎಂದು ಆಮೇಲೆ ಬಹಳ ಮಂದಿಗೆ ಹೇಳಿದ. ಅದು ನಿಜವೂ ಹೌದು. ದೂಳಿಗೆ ಕಣ್ಣು ಕಿರಿದು ಮಾಡಿ, ತಲೆ ತಗ್ಗಿಸಿ ಇಪ್ಪತ್ತು ಹೆಜ್ಜೆ ನಡೆದು ಹೋಗಿ ಇಬಿಡುನ್‌ಗೆ ರಟ್ಟನ್ನು ಚಾಚಿದ.

"ಬಾಬಾ, ಮೊಳೆ ಕಿತ್ತುಹೋಗಿದೆ" ಅಂದಳು ಅವಳು ಅಳು ಬರುವವಳಂತೆ. "ಕೋಲಿಗೆ ನಿಲ್ತಾ ಇಲ್ಲ. ಸ್ವಲ್ಪ ಹಿಡ್ಕೊಳ್ಳಿ, ಕಲ್ಲು ಹುಡುಕ್ತೀನಿ."

ಅವನು ಹಿಡಿದುಕೊಂಡ. ಗಾಳಿ ಇನ್ನೂ ಎಳೆಯುತ್ತಿದ್ದುದರಿಂದ ಎರಡು ಕೈಯಲ್ಲೂ ಹಿಡಿದು, ಜನರ ಮುಖಕ್ಕೆ ಬಡಿಯದಿರಲಿ ಎಂದು ತಲೆಯ ಮೇಲಕ್ಕೆ ಎತ್ತಿದ. ಬೆಳಿಗ್ಗೆಯಿಂದ ಎದೆಯ ಮಟ್ಟದಲ್ಲಿದ್ದ ಓಮೊಯೆನಿ ಒಮ್ಮೆಲೆ ಒಂಬತ್ತಡಿ ಎತ್ತರದಲ್ಲಿ ನಿಂತು ಇಡೀ ಬಯಲನ್ನು ನೋಡಿದಳು.

ಚೀಫ್ ಸಾಲಿನ ನಡುವಿನಿಂದ ಒಂದು ಒಣ ಗಂಟಲು ಕೇಳಿಸಿತು. ಬಸ್ ನಿಲ್ದಾಣದ ಹತ್ತಿರ ನಲವತ್ತು ವರ್ಷದಿಂದ ಅಕಾರಾ ಕರಿದು ಮಾರುವ ಮುದುಕಿ, ಊರಿಗೆಲ್ಲ ಇಯಾ ಅಲಕಾರಾ, ಅಕಾರಾ ಅಮ್ಮ.

"ಏ ಫಡಾಹುನ್ಸಿ! ಬೆಳಿಗ್ಗೆಯಿಂದ ದುರೋಜಯೆ ಹಿಂದೆ ನಿಲ್ಲಿ, ದುರೋಜಯೆ ಹಿಂದೆ ನಿಲ್ಲಿ ಅಂತ ಬಾಯಿ ಬಡ್ಕೊಂಡಿದ್ದು ನೀನೇ ತಾನೇ?"

"ಹೌದು ಇಯಾ, ನಾನೇ."

"ನನಗೆ ಕಣ್ಣು ಮಂಜು. ಫೋಟೋಪೀಟೋ ಕಾಣಲ್ಲ. ದುರೋಜಯೆ ಕಾಣಿಸ್ತಾನೆ. ಅಗೋ ಅಲ್ಲಿದಾನೆ. ದಾರಿ ಬಿಡ್ರೋ!"

ಊರುಗೋಲು ಊರಿಕೊಂಡು ಅವಳು ಇಪ್ಪತ್ತು ಹೆಜ್ಜೆ ನಡೆದು ಬಂದು ಎಡಗಡೆಯ ಸಾಲಿಗೆ ಸೇರಿಕೊಂಡಳು. ಬಯಲು ನಕ್ಕಿತು. ಹಿರಿಯರ ಶಾಮಿಯಾನದಲ್ಲಿ ಕೂತಿದ್ದ ಇಬ್ಬರು ಹಲ್ಲಿಲ್ಲದ ಮುದುಕರೂ ನಕ್ಕುಬಿಟ್ಟರು. ಆ ನಗು ನಿಲ್ಲುವ ಮೊದಲೇ ಮರದ ನೆರಳಿನಿಂದ ಮೆಣಸಿನಕಾಯಿ ಮಾರುವ ಹೆಂಗಸರು, "ಚೇರ್ಮನ್ ಅಪ್ಪಣೆ ಮೀರೋದುಂಟಾ? ನಡೀರಮ್ಮ ದುರೋಜಯೆ ಹಿಂದೆ!" ಎನ್ನುತ್ತ ಬಂದರು. ಚೀಫ್ ಸಾಲಿನಿಂದ ಒಬ್ಬ ಬಡಗಿ ಕಳಚಿಕೊಂಡ, ಆಮೇಲೆ ಮೂವರು ಮೋಟರ್‌ಸೈಕಲ್ ಬಾಡಿಗೆಯವರು, ಆಮೇಲೆ ಗುಂಪುಗುಂಪಾಗಿ. ಭಯಪಟ್ಟು ನಿಂತಿದ್ದವರಿಗೆ ಧೈರ್ಯಕ್ಕಿಂತ ಹೆಚ್ಚಾಗಿ ಒಂದು ನೆಪ ಬೇಕಾಗಿತ್ತು, ಅದನ್ನು ಚೇರ್ಮನ್ನೇ ಬೆಳಿಗ್ಗೆಯಿಂದ ಮೆಗಾಫೋನಿನಲ್ಲಿ ಹಂಚಿದ್ದ. ನಾಳೆ ಯಾರಾದರೂ ಕೇಳಿದರೆ ಹೇಳಬಹುದು: ಅಯ್ಯೋ, ನಾವು ದುರೋಜಯೆ ಹಿಂದೆ ನಿಂತಿದ್ದು!

"ದುರೋಜಯೆ ಅಲ್ಲ!" ಎಂದು ಫಡಾಹುನ್ಸಿ ಕೂಗಿದ. "ಫ್ಲೆಕ್ಸ್! ಫ್ಲೆಕ್ಸ್ ಹಿಂದೆ ನಿಲ್ಲಿ!"

"ಯಾವ ಫ್ಲೆಕ್ಸು ಸ್ವಾಮಿ? ಬೊಂಬು ಕಾಣಿಸ್ತಿದೆ!"

"ದುರೋಜಯೆ! ಏ ಮಾರಾಯ! ಈ ಕಡೆ ಬಾರಯ್ಯ!"

ಎನೊ ಸೀಟಿಯನ್ನು ತುಟಿಯ ಹತ್ತಿರ ಹಿಡಿದುಕೊಂಡು ದುರೋಜಯೆಯ ಮುಂದೆ ಬಂದು ನಿಂತಳು. "ಸರ್, ಈಗ ಹನ್ನೊಂದು. ಊದಿದ ಮೇಲೆ ಯಾರೂ ಕದಲೋ ಹಾಗಿಲ್ಲ. ನಿಮ್ಮ ಬೆರಳಿಗೆ ಶಾಯಿ ಇದೆ, ಸದಸ್ಯರು. ಸುಮ್ನೆ ಫೋಟೋ ಹಿಡ್ಕೊಂಡಿದೀರೋ, ಈ ಸಾಲಿನವರೋ?"

ಇಬಿಡುನ್ ಕಲ್ಲನ್ನು ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದಳು. ರಟ್ಟನ್ನು ಅವಳ ಕೈಗೆ ಕೊಟ್ಟು ಇಪ್ಪತ್ತು ಹೆಜ್ಜೆ ಹಿಂದಕ್ಕೆ ನಡೆದರೆ ಆಯಿತು. ಯಾರೂ ಏನೂ ಅನ್ನುತ್ತಿರಲಿಲ್ಲ. ಬೇರೆಯವರ ಸಾಮಾನು ಕೊಟ್ಟು ಬಂದ, ಒಳ್ಳೆಯ ಮನುಷ್ಯ. ದುರೋಜಯೆಯ ತೋಳುಗಳು ನೋಯತೊಡಗಿದ್ದವು. ಕರಿಹಲಗೆಯ ಮೇಲೆ ಆವತ್ತು ಯಾವ ಭಾಗಾಕಾರ ಇತ್ತು? ಮುನ್ನೂರ ಎಪ್ಪತ್ತೆಂಟನ್ನು ಹದಿನಾಲ್ಕರಿಂದ. ಅವಳು ಏಟು ತಿನ್ನುತ್ತ ಆ ಲೆಕ್ಕ ಮಾಡಿದಳೋ ಏನೋ. ಇಪ್ಪತ್ತೇಳು. ಶೇಷ ಉಳಿಯುವುದಿಲ್ಲ. ಆವತ್ತು ಮೇಷ್ಟ್ರು ಯಾರು ಎಂದು ಕೇಳಿದಾಗ ನಾಲಗೆ ಎಷ್ಟು ಸಲೀಸಾಗಿ ಹೊರಳಿತ್ತು. ಇವತ್ತು ಅದೇ ನಾಲಗೆ ಮರದ ತುಂಡಿನ ಹಾಗೆ ಬಿದ್ದಿತ್ತು.

"ಈ ಸಾಲು" ಅಂದ.

"ಕೇಳಿಸ್ಲಿಲ್ಲ ಸರ್."

"ಈ ಸಾಲು ಕಣಮ್ಮ!"

ಅಷ್ಟು ಜೋರಾಗಿ ಹೇಳಬೇಕೆಂದು ಅವನೂ ಎಣಿಸಿರಲಿಲ್ಲ. ಮಾವಿನ ಮರದ ಕಾಗೆಗಳು ಎದ್ದುಹೋದವು. ಎನೊ ಸೀಟಿ ಊದಿದಳು.

ಎಣಿಕೆಯಲ್ಲಿ ಚೀಫ್‌ಗೆ ನೂರಾ ಮೂವತ್ತೆಂಟು, ಡಾಕ್ಟರಿಗೆ ನೂರಾ ನಲವತ್ತೇಳು. ಫಡಾಹುನ್ಸಿ ಒಪ್ಪಲಿಲ್ಲ. ಇದು ಮೋಸ, ಗಾಳಿಯ ಮೋಸ, ಪರಸ್ಥಳದ ಹುಡುಗಿಗೆ ನಮ್ಮ ಜನರನ್ನು ಎಣಿಸಲು ಬರುವುದಿಲ್ಲ ಎಂದು ವಾದಿಸಿದ. ಎನೊ ಸಿಟ್ಟಾಗಲಿಲ್ಲ. "ಹಾಗಾದ್ರೆ ನೀವೇ ಎಣಿಸಿ ಚೇರ್ಮನ್. ಒಬ್ಬೊಬ್ಬರ ಹೆಗಲೂ ಮುಟ್ಟಿ, ಗಟ್ಟಿಯಾಗಿ. ನಾನು ನಿಮ್ಮ ಜೊತೆ ನಡೀತೀನಿ" ಅಂದಳು. ಚೀಫ್ ಸಾಲನ್ನು ಅವನು ಬೇಗ ಬೇಗ ಮುಗಿಸಿದ: ನೂರಾ ಮೂವತ್ತೆಂಟೇ. ಎಡಗಡೆಗೆ ಬಂದು ದುರೋಜಯೆಯ ಹೆಗಲು ಮುಟ್ಟಲು ಕೈಯನ್ನು ಬೇಕಾದದ್ದಕ್ಕಿಂತ ಮೇಲೆತ್ತಿ, "ಒಂದು" ಅಂದ. ಕಣ್ಣು ಮಾತ್ರ ಬೇರೆ ಏನೇನೋ ಅಂದಿತು. ದುರೋಜಯೆ ಎದುರಿಗಿದ್ದ ಗೋಡೆಯನ್ನು ನೋಡಿದ. ಎರಡು, ಮೂರು, ನಾಲ್ಕು, ಐದು. ಆಮೇಲೆ ನಿಂತುಹೋಯಿತು.

"ನೀನಾ?"

"ಆರು ಅನ್ನಿ ಅಣ್ಣ" ಎಂದಿತು ತೆನಿಯೋಲಾಳ ದನಿ.

ದುರೋಜಯೆ ಸರ್ರನೆ ತಿರುಗಿದ. ಅವಳ ಹಸಿರು ತಲೆವಸ್ತ್ರ ಅವನಿಂದ ಐದು ತಲೆ ಹಿಂದಿತ್ತು.

"ನೀನು ಯಾವಾಗ ಬಂದೆ ಇಲ್ಲಿಗೆ?" ಎಂದು ಕೇಳಿದ.

"ಹತ್ತೂಕಾಲಿಗೆ. ನೀವು ಅಲ್ಲಿ ಧ್ವಜಗಂಬದ ಹಾಗೆ ನಿಂತಿದ್ರಲ್ಲ, ಎಷ್ಟು ಸಲ ಕೈ ಬೀಸ್ದೆ! ಒಂದ್ಸಲನಾದ್ರೂ ಈ ಕಡೆ ಕತ್ತು ಹೊರಳಿಸಿದ್ರಾ? ಮುಂದೆ ನೋಡಿ. ಅಣ್ಣನ ಲೆಕ್ಕ ತಪ್ಪುತ್ತೆ."

"ಆ... ಆರು" ಅಂದ ಫಡಾಹುನ್ಸಿ. ಬಯಲು ಮತ್ತೆ ನಕ್ಕಿತು. ಏಳು, ಎಂಟು ಎನ್ನುತ್ತ ಅವನ ದನಿ ಸಾಲಿನ ಬಾಲದ ಕಡೆಗೆ ದೂರವಾಗುತ್ತ ಹೋಗಿ, ನೂರಾ ನಲವತ್ತೇಳರಲ್ಲಿ ನಿಂತಿತು. ಚೀಫ್ ಕಡೆಯ ಇಬ್ಬರು ಅವನ ಕಿವಿಯಲ್ಲಿ ಏನೋ ಹೇಳಲು ಬಂದರು. ಕಾಗದ ಹರಿದು ಹಾಕು, ಸಹಿ ಹಾಕಬೇಡ ಎಂದೇ ಇರಬೇಕು. ಫಡಾಹುನ್ಸಿ ಟೋಪಿ ತೆಗೆದು ಬೋಳು ತಲೆಯ ಬೆವರು ಒರೆಸಿಕೊಂಡ. "ನನ್ನ ಬಾಯಲ್ಲೇ ಎಣಿಸಿದೀನಲ್ಲಯ್ಯ, ಈಗ ನುಂಗು ಅಂದ್ರೆ ನುಂಗೋಕೆ ಅದೇನು ಗಂಜಿಯಾ?" ಎಂದು ಗದರಿ ಸಹಿ ಹಾಕಿದ. ಆ ಗಳಿಗೆಯಲ್ಲಿ ದುರೋಜಯೆಗೆ ಭಾವನ ಮೇಲೆ ಹಿಂದೆಂದೂ ಇಲ್ಲದಷ್ಟು ಪ್ರೀತಿ ಬಂತು, ಹೋಗಿ ಹೇಳುವ ಧೈರ್ಯ ಮಾತ್ರ ಬರಲಿಲ್ಲ.

ಮಧ್ಯಾಹ್ನ ಅವನು ಕುರ್ಚಿಗಳನ್ನು ಒಂದರೊಳಗೊಂದು ಪೇರಿಸುತ್ತಿದ್ದಾಗ ಇಬಿಡುನ್ ಓಡಿ ಬಂದು ಮೊಬೈಲನ್ನು ಅವನ ಕಿವಿಗೆ ಹಿಡಿಯಲು ಹೋಗಿ, ಎಟುಕದೆ, ಕೈಗೇ ಕೊಟ್ಟಳು. "ಡಾಕ್ಟರು."

"ದುರೋಜಯೆ! ಏನೋ ಇದು, ನನ್ನ ಎತ್ತಿಕೊಂಡು ಕುಣಿದೆಯಂತೆ?" ಹಿಂದೆ ವಾಹನಗಳ ಸದ್ದು, ಜನರ ಗದ್ದಲ. "ನಿಮ್ಮ ವಾರ್ಡಿಂದ ಹತ್ತು ತಲೆ ಸಿಕ್ಕಿದ್ರೆ ಸಾಕು ಅನ್ಕೊಂಡಿದ್ದೆ."

"ಓಮೊಯೆನಿ, ಒಂದು ಮಾತು ಹೇಳ್ಬೇಕು." ಅವನು ಕುರ್ಚಿಗಳ ರಾಶಿಯ ಹಿಂದೆ ಸರಿದ. "ಆ ಗಂಟೆ. ಇನ್‌ಸ್ಪೆಕ್ಟರ್ ಬಂದಿದ್ದ ದಿನದ್ದು. ಬಾರಿಸಿದ್ದು ನಾನು."

"ಯಾವ ಗಂಟೆ?"

"ಶಾಲೆ ಗಂಟೆ ಕಣೇ. ನಾಲ್ಕನೇ ಕ್ಲಾಸು. ನಿನ್ನ ಹೆಸರು ಹೇಳ್ಬಿಟ್ಟೆ. ಆರು ಏಟು ಬಿತ್ತು ನಿನಗೆ."

ಆ ಕಡೆ ಅವಳು ನಗತೊಡಗಿದಳು. "ಅಯ್ಯೋ ಪುಣ್ಯಾತ್ಮ, ಆ ಮೇಷ್ಟ್ರು ನನಗೆ ದಿನ ಬಿಟ್ಟು ದಿನ ಹೊಡೀತಿದ್ರು. ಮಾತು ಜಾಸ್ತಿ ಅಂತ ಹೊಡೆದ್ರು, ಮಾತಾಡ್ಲಿಲ್ಲ ಅಂತ ಹೊಡೆದ್ರು. ಅದರಲ್ಲಿ ನಿನ್ನ ಆರು ಯಾವುದು ಅಂತ ಹುಡುಕ್ಲಿ? ಇದನ್ನ ಎಷ್ಟು ವರ್ಷದಿಂದ ಇಟ್ಕೊಂಡಿದೀಯ?"

"ನಲವತ್ತೇಳು."

"ಬಿಪಿ ನೋಡಿಸ್ಕೊಂಡಿದೀಯಾ? ಸೋಮವಾರ ಇಬಿಡುನ್ ಹತ್ರ ಹೋಗು. ಇದು ಡಾಕ್ಟರ ಅಪ್ಪಣೆ" ಎಂದು ಫೋನ್ ಇಟ್ಟಳು.

ದುರೋಜಯೆ ಕುರ್ಚಿಯ ರಾಶಿಗೆ ಒರಗಿ ನಿಂತ. ಮೊದಲು ಬಂದದ್ದು ಅವಮಾನ. ಅರ್ಧ ಶತಮಾನ ಜೋಪಾನ ಮಾಡಿದ ಪಾಪವೊಂದು ಪಾಪಕ್ಕೆ ಗುರಿಯಾದವಳ ನೆನಪಿನಲ್ಲಿ ಇರಲೇ ಇಲ್ಲ. ಅವಳು ಬೈದಿದ್ದರೆ, ಅತ್ತಿದ್ದರೆ, ಕ್ಷಮಿಸಿದ್ದೇನೆ ಎಂದು ಗಂಭೀರವಾಗಿ ಹೇಳಿದ್ದರೆ ತಾನು ಯಾರೋ ಆಗಿರುತ್ತಿದ್ದ. ಈಗ ಬರೀ ಒಬ್ಬ ಬಿಪಿ ನೋಡಿಸಿಕೊಳ್ಳಬೇಕಾದ ಮನುಷ್ಯ. ಹಾಗಾದರೆ ಸಂತೆಯಲ್ಲಿ ಅವಳ ಕಣ್ಣಲ್ಲಿ ಕಂಡದ್ದೇನು? ಕತ್ತು ನೋವು, ಅಷ್ಟೇ. ಇದನ್ನು ಎರಡು ಮೂರು ಸಲ ತನಗೇ ಹೇಳಿಕೊಂಡ. ನಾಲ್ಕನೆಯ ಸಲಕ್ಕೆ ನಗು ಬಂತು. ಒಬ್ಬನೇ ನಗುತ್ತ ನಿಂತವನನ್ನು ನೋಡಿ ಆಳು, "ಬಿಸಿಲು ತಲೆಗೇರ್ತು ಸಾರ್‌ಗೆ, ಮೇಲಿರೋ ತಲೆಗೆ ಬೇಗ ಏರುತ್ತೆ" ಅಂದ. ಅದಕ್ಕೂ ನಕ್ಕ.

ಸಂಜೆ ಆರಕ್ಕೆ, ತೆನಿಯೋಲಾ ಒರಳಿನಲ್ಲಿ ಬೇಯಿಸಿದ ಯಾಮ್ ಗೆಡ್ಡೆ ಕುಟ್ಟಿ ಮುದ್ದೆ ಮಾಡುತ್ತಿದ್ದಾಗ ಫಡಾಹುನ್ಸಿ ಬಂದ. ಮುಖ ಬಿಗಿದಿತ್ತು. ದುರೋಜಯೆ ಎದ್ದು, ಹೆಂಡತಿಯ ಮನೆಯವರಿಗೆ ಅಳಿಯ ಹೇಗೆ ನಮಸ್ಕರಿಸಬೇಕೋ ಹಾಗೆ ಜಗುಲಿಯ ಮೇಲೆ ಉದ್ದಕ್ಕೆ ಅಡ್ಡಬಿದ್ದ. ಮದುವೆಯ ದಿನ ಹೀಗೆ ಬಿದ್ದಾಗ ಅವನ ಕಾಲು ಚಪ್ಪರದ ಆಚೆ ಹೋಗಿ, ಮೇಕೆಯೊಂದು ಬೂಟಿನ ಲಾಡಿ ತಿಂದಿತ್ತು.

"ಏಳಯ್ಯ, ದಾರಿಗೆ ಅಡ್ಡ ಮಲಗ್ಬೇಡ. ದಾಟೋಕೆ ಏಣಿ ಬೇಕು" ಎಂದು ಫಡಾಹುನ್ಸಿ ಕುರ್ಚಿ ಎಳೆದುಕೊಂಡ. "ಮೂವತ್ತು ವರ್ಷ ಪಕ್ಷಕ್ಕೆ ದುಡಿದೆ. ಇಂಥ ಅವಮಾನ ಆಗಿರ್ಲಿಲ್ಲ."

"ತಪ್ಪಾಯ್ತು ಭಾವ. ಮೊದಲೇ ನಿಮಗೆ ಹೇಳ್ಬೇಕಿತ್ತು. ಆಗಲ್ಲ ಅನ್ಬೇಕಿತ್ತು. ನಿಮ್ಮ ಮುಖ ನೋಡಿ ನಾಲಗೆ ಏಳಲಿಲ್ಲ."

"ಮತ್ತೆ ಎದ್ದಾಗ ಊರಿಗೆಲ್ಲ ಕೇಳೋ ಹಾಗೆ ಎದ್ದಿತಲ್ಲ!"

ದುರೋಜಯೆ ತಲೆ ತಗ್ಗಿಸಿದ. ಈ ಬಾರಿ ತಗ್ಗಿಸಿದ್ದು ನೋಯಲಿಲ್ಲ. ತೆನಿಯೋಲಾ ಬಿಸಿ ಮುದ್ದೆಯನ್ನೂ ಎಗುಸಿ ಬೀಜದ ಸಾರನ್ನೂ ತಂದು ಅಣ್ಣನ ಮುಂದಿಟ್ಟಳು. ಅವನು ಬೇಡ ಎಂದು ಕೈ ಅಡ್ಡ ಹಿಡಿದ, ಅದೇ ಕೈಯನ್ನು ತೊಳೆದುಕೊಂಡು ಉಣ್ಣತೊಡಗಿದ. ರೇಡಿಯೋದಲ್ಲಿ ಫಲಿತಾಂಶ ಬಂತು: ರಾಜ್ಯದಲ್ಲೆಲ್ಲ ಕೂಡಿ ಡಾಕ್ಟರ್ ಓಮೊಯೆನಿಗೆ ನಾನೂರ ಹನ್ನೆರಡು ತಲೆಗಳ ಮುನ್ನಡೆ, ಚೀಫ್ ಅಕಿನ್ರುಲಿ ಕೋರ್ಟಿಗೆ ಹೋಗುವುದಾಗಿ ಹೇಳಿದ್ದಾರೆ. ಇಲೆಮೊದ ಹೆಸರನ್ನು ಓದುವಾಗ ಸುದ್ದಿ ಓದುವವಳು ತಡವರಿಸಿದಳು.

"ಕೋರ್ಟಿಗೆ ಹೋದ್ರೆ ನಿಮ್ಮನ್ನ ಸಾಕ್ಷಿ ಕರೀತಾರಾ ಅಣ್ಣ?" ಎಂದು ತೆನಿಯೋಲಾ ಕೇಳಿದಳು.

"ಕರೀಲಿ. ಎಣಿಸಿದ್ದು ಎಣಿಸಿದ ಹಾಗೆ ಹೇಳ್ತೀನಿ. ಸಾರು ಹಾಕು." ಅವನು ಎರಡನೆಯ ಮುದ್ದೆ ಮುರಿದ. "ನೀನು ಆರನೆಯವಳು. ಸರಿ, ನಿನ್ನ ಬುದ್ಧಿ ನನಗೆ ಗೊತ್ತು, ಚಿಕ್ಕಂದಿನಿಂದ. ನಿನ್ನ ಮುಟ್ಟಿ ಮುಂದೆ ಹೋದೆ. ಐವತ್ತು, ಅರವತ್ತು. ಎಲ್ಲ ಗೊತ್ತಿರೋ ಮುಖಗಳೇ." ಬೆರಳು ನೆಕ್ಕಿಕೊಂಡ. "ತೊಂಬತ್ತೆರಡನೆಯವಳ ಹೆಗಲು ಮುಟ್ಟಿದಾಗ, ಅಲ್ಲೊಂದು ಸುಟ್ಟ ಕಲೆ. ಆ ಕಲೆ ನನಗೆ ಗೊತ್ತು. ನಾನೇ ಬಿಸಿನೀರು ಚೆಲ್ಲಿದ್ದು, ಮದುವೆಯಾದ ಹೊಸದ್ರಲ್ಲಿ."

ತೆನಿಯೋಲಾಳ ಕೈಯಲ್ಲಿದ್ದ ಸೌಟು ನಿಂತಿತು. "ಅತ್ತಿಗೆ?"

"ಫೆಯಿಸಾರಾ. ನನ್ನ ಮನೆಯಾಕೆ. ನೆಟ್ಟಗೆ ನನ್ನ ಮುಖ ನೋಡಿದ್ಲು. ಪಕ್ಕದಲ್ಲಿ ಆ ಸೀಟಿ ಹುಡುಗಿ. ಏನು ಮಾಡ್ಲಿ? ತೊಂಬತ್ತೆರಡು ಅಂದೆ."

ಮೊದಲು ನಕ್ಕವಳು ತೆನಿಯೋಲಾ. ದುರೋಜಯೆ ಬಹಳ ಹೊತ್ತು ತಡೆದುಕೊಂಡ, ಹೆಗಲು ಕುಲುಕುತ್ತಿತ್ತು, ಆಮೇಲೆ ತಡೆಯಲಾಗಲಿಲ್ಲ. ಫಡಾಹುನ್ಸಿ ಇಬ್ಬರನ್ನೂ ಸಿಟ್ಟಿನಿಂದ ನೋಡಲು ಪ್ರಯತ್ನಿಸಿ ಸೋತು, ಬಾಯಲ್ಲಿ ಮುದ್ದೆ ಇಟ್ಟುಕೊಂಡೇ ನಕ್ಕು, ಕೆಮ್ಮಿ, ನೀರು ಕುಡಿದ. "ಅದಕ್ಕೇ ಮನೆಗೆ ಹೋಗಿಲ್ಲ. ಬೆಳಿಗ್ಗೆ ಅವಳಿಗೆ ಬಲಗಡೆ ನಿಲ್ಲು ಅಂತ ಹೇಳೋದು ಮರ್ತಿದ್ದೆ. ಹೇಳ್ಬೇಕು ಅಂತಾನೇ ಅನ್ನಿಸಿರ್ಲಿಲ್ಲ. ಈಗ ಹೋಗಿ ಏನು ಮಾತಾಡ್ಲಿ?"

ಅಷ್ಟರಲ್ಲಿ ಗೇಟು ಕಿರ್ರೆಂದಿತು. ಫೆಯಿಸಾರಾ, ಸೊಂಟದ ಮೇಲೆ ಕೈ ಇಟ್ಟುಕೊಂಡು, ಅಂಗಳದಲ್ಲಿ ನಿಂತಿದ್ದಳು. ತೆನಿಯೋಲಾ ತಟ್ಟೆಯನ್ನು ಸರಕ್ಕನೆ ಕುರ್ಚಿಯ ಕೆಳಗೆ ತಳ್ಳಿದಳು.

"ಇಲ್ಲಿ ಅಡಗಿ ಕೂತಿದೀರಾ? ಊರೆಲ್ಲ ಹುಡುಕಿ ಬಂದೆ" ಅಂದಳು ಅವಳು. "ನಾಲ್ಕು ಗಂಟೆಗೇ ಮುದ್ದೆ ಕುಟ್ಟಿ ಇಟ್ಟಿದೀನಿ. ಕೋಳಿ ಸಾರು ಬೇರೆ ಮಾಡಿದೀನಿ, ಇವತ್ತು ನಿಮಗೆ ಬೇಜಾರಾಗಿರುತ್ತೆ ಅಂತ. ಎರಡು ಮುದ್ದೆ ಉಣ್ದೆ ಮಲಗೋ ಹಾಗಿಲ್ಲ. ಏಳಿ."

ಫಡಾಹುನ್ಸಿ ದುರೋಜಯೆಯನ್ನು ನೋಡಿದ. ದುರೋಜಯೆ ಅಂಗಳದ ಮೇಲಿನ ಆಕಾಶವನ್ನು ನೋಡಿದ. ವಾರ್ಡಿನ ಚೇರ್ಮನ್ ಟೋಪಿ ಸರಿಮಾಡಿಕೊಂಡು, ಉಂಡು ಬಿಗಿದ ಹೊಟ್ಟೆಯನ್ನು ನಿಲುವಂಗಿಯೊಳಗೆ ಮುಚ್ಚಿಕೊಂಡು ಎದ್ದು ನಿಂತ.

"ಸದ್ಯ ಬಂದೆಯಲ್ಲ" ಅಂದ. "ಹೊಟ್ಟೆ ಹಸಿದು ಸಾಯ್ತಾ ಇದ್ದೆ."